ಕಿಟ್ ಹಂಚಿ ಮುಗಿದ ಮೇಲೆ

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ವಿಷಯ ಇಷ್ಟು: 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಇವರೂ ಗೆಳೆಯರೂ ಸೇರಿ ಊರಿನಲ್ಲಿ ರೇಷನ್ ಕಿಟ್ ಹಂಚಿದರು. ಮರುವರ್ಷ ಎರಡನೇ ಅಲೆಯಲ್ಲಿ ಚಂದಾ ಎತ್ತಿ ಮೂರು ಪಲ್ಸ್ ಆಕ್ಸಿಮೀಟರ್ ತಂದರು, ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸಿದರು. ಈಗ ಆ ವಾಟ್ಸಾಪ್ ಗುಂಪಿಗೆ ಹಬ್ಬದ ಶುಭಾಶಯ ಬಿಟ್ಟರೆ ಏನೂ ಬರುವುದಿಲ್ಲ. 'ಫೋಟೊಗೋಸ್ಕರ ಮಾಡಿದ್ರು' ಎಂದು ಆಡಿಕೊಳ್ಳುವವರೂ ಇದ್ದಾರಂತೆ. 'ನಾವು ಮಾಡಿದ್ದಕ್ಕೆ ಏನಾದರೂ ಅರ್ಥ ಇತ್ತಾ? ಟ್ರಸ್ಟ್ ರಿಜಿಸ್ಟರ್ ಮಾಡಿಸಿ ಮುಂದುವರಿಸಬೇಕಾ, ಬಿಟ್ಟುಬಿಡಬೇಕಾ?' ಎಂದು ಕೇಳಿದ್ದಾರೆ. ಉಳಿದ ಚಂದಾ ದುಡ್ಡನ್ನೂ ಆ ಆಕ್ಸಿಮೀಟರ್‌ಗಳನ್ನೂ ಏನು ಮಾಡಲಿ ಎಂದು ಕೊನೆಯಲ್ಲಿ ಒಂದು ಪ್ರಶ್ನೆ ಇದೆ.

ಪ್ರಿಯ ಓದುಗರೇ,

ನಿಮ್ಮ ಕಾಗದದಲ್ಲಿ ಕಿಟ್‌ಗಳ ವಿಷಯವೇ ಎರಡು ಪುಟ ಇದೆ. ಅಕ್ಕಿ ಎಷ್ಟು, ಬೇಳೆ ಎಷ್ಟು, ಎಣ್ಣೆ ಪಾಕೆಟ್ ಯಾರು ಕೊಟ್ಟರು, ಯಾರು ಕೊಡುತ್ತೇನೆ ಅಂತ ಹೇಳಿ ಆಮೇಲೆ ಕೈ ಎತ್ತಿದರು, ಎಲ್ಲ ಬರೆದಿದ್ದೀರಿ. ಮೂರನೇ ಪುಟದಲ್ಲಿ, ಸುಮ್ನೆ ಮಾತಿಗೆ ಎಂಬಂತೆ, ಒಂದು ಸಾಲು ಬರುತ್ತದೆ. 'ಹಿಂದಿನ ಬೀದಿಯ ಗಂಡ ಹೆಂಡತಿ ಇಬ್ಬರಿಗೂ ಪಾಸಿಟಿವ್ ಬಂತು. ಅವರ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಹಣ್ಣಾಗುವ ತನಕ ನಾವೇ ಸೊಪ್ಪು ಹಾಕಿದೆವು.'

ನನ್ನ ಉತ್ತರ ಪೂರ್ತಿ ಈ ಸಾಲಿನ ಮೇಲೆಯೇ ನಿಂತಿದೆ.

ರೇಷ್ಮೆ ಗೊತ್ತಿಲ್ಲದ ಓದುಗರಿಗೆ ಸ್ವಲ್ಪ ಹೇಳಬೇಕು. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟುವ ತನಕ ಹೆಚ್ಚುಕಡಿಮೆ ಒಂದು ವಾರ. ಇಡೀ ಬೆಳೆಗೆ ಹಾಕುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಜಾಸ್ತಿ ಖರ್ಚಾಗುವುದು ಆ ಒಂದು ವಾರದಲ್ಲೇ. ಆಗ ಮನೆಯವರು ಎರಡು ದಿನ ಇಲ್ಲ ಎಂದರೆ ಬೆಳೆ ಹೋಯಿತು ಎಂದೇ ಲೆಕ್ಕ. ಮೊಟ್ಟೆಗೆ, ಗೊಬ್ಬರಕ್ಕೆ, ಕೂಲಿಗೆ ಮಾಡಿದ ಸಾಲ ಮಾತ್ರ ಉಳಿಯುತ್ತದೆ.

ಜ್ವರ ಬಂದರೂ ಜನ ಯಾಕೆ ಟೆಸ್ಟ್ ಮಾಡಿಸಿಕೊಳ್ಳುತ್ತಿಲ್ಲ ಎಂದು ಆಗ ಟಿವಿಯಲ್ಲಿ ದಿನಾ ಚರ್ಚೆ. ತಿಳಿವಳಿಕೆ ಇಲ್ಲ, ಮೂಢನಂಬಿಕೆ, ಹೆದರಿಕೆ ಅಂತೆಲ್ಲ ಹೇಳುತ್ತಿದ್ದರು. ಹೆದರಿಕೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಹುಳು ಸಾಕಿದವನಿಗೆ, ಹಸು ಕಟ್ಟಿದವಳಿಗೆ ಅದಕ್ಕಿಂತ ದೊಡ್ಡ ಕಾರಣ ಮನೆಯಲ್ಲೇ ಇತ್ತು. ಪಾಸಿಟಿವ್ ಬಂದರೆ ಕೇರ್ ಸೆಂಟರ್‌ಗೆ ಕರೆದುಕೊಂಡು ಹೋಗುತ್ತಾರೆ. ಬೆಳಿಗ್ಗೆ ಡೇರಿಗೆ ಹಾಲು ಹಾಕುವವರು ಯಾರು? ಹೊಸ ಕೈ ಬಿದ್ದರೆ ಹಸು ಹಾಲು ಇಳಿಸುವುದಿಲ್ಲ, ಒದೆಯುತ್ತದೆ. ನೀವು ಸೊಪ್ಪು ಹಾಕಿದಿರಿ ಎಂಬ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಇನ್ನೆರಡು ಮನೆಯವರು ತಾವಾಗಿ ಬಂದು ಟೆಸ್ಟ್‌ಗೆ ಒಪ್ಪಿದರು ಎಂದು ನೀವೇ ಬರೆದಿದ್ದೀರಿ. ಯಾವ ಪೋಸ್ಟರ್ ಈ ಕೆಲಸ ಮಾಡುತ್ತಿತ್ತು, ಹೇಳಿ?

ಇನ್ನೊಂದು ಮಾತು. ಸೋಂಕು ಎಂದರೇನು ಎಂದು ನಿಮ್ಮ ತಾಲ್ಲೂಕಿಗೆ ಹೊರಗಿನವರು ಬಂದು ಕಲಿಸಬೇಕಾಗಿಯೇ ಇರಲಿಲ್ಲ. ಹುಳು ಮನೆಗೆ ಹೋಗುವಾಗ ಚಪ್ಪಲಿ ಹೊರಗೆ, ಕೈ ತೊಳೆದೇ ಒಳಗೆ. ಕಂಡಕಂಡವರನ್ನು ಬಿಟ್ಟುಕೊಳ್ಳುವುದಿಲ್ಲ. ಹಾಲು ತೊಂಡೆ ಎಂಬ ರೋಗ ಬಂದ ಹುಳು ಕಂಡರೆ ಆರಿಸಿ ಬೇರೆ ಮಾಡುತ್ತಾರೆ. ಬೆಳೆ ಎದ್ದ ಮೇಲೆ ಬ್ಲೀಚಿಂಗ್ ಪೌಡರ್, ಸುಣ್ಣ. ಇದೆಲ್ಲ ಅಜ್ಜಿಯಂದಿರಿಗೂ ಬಾಯಿಪಾಠ. 'ಮನೇನ ಒಂದು ತಿಂಗಳು ಹುಳು ಮನೆ ತರಹ ಇಟ್ಕೊಳ್ಳಿ' ಎಂದಿದ್ದರೆ ಸಾಕಿತ್ತು. ಅದರ ಬದಲು 'ಸಾಮಾಜಿಕ ಅಂತರ ಕಾಯ್ದುಕೊಳ್ಳಿ' ಎಂದು ಆಟೊಗಳಲ್ಲಿ ಮೈಕ್ ಕಟ್ಟಿ ಕೂಗಿಸಿದರು. ಆಂಧ್ರದ ಗಡಿ ನಮ್ಮದು. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರ ಮನೆಗಳಲ್ಲಿ ಉರ್ದು. ಮನೆಮಾತಿನಲ್ಲಿ ಹೇಳುವ, ಮುಖ ಪರಿಚಯವಿರುವ ಒಬ್ಬರು ಬೇಕಿತ್ತು. ಆ ಒಬ್ಬರು ನೀವಾಗಿದ್ದಿರಿ.

ಹಾಗಾದರೆ ಈಗ ಏನು ಕೆಲಸ? ನನ್ನ ಅಭಿಪ್ರಾಯ ಇದು: ಕಿಟ್ ಹಂಚುವುದನ್ನು ಯಾರು ಬೇಕಾದರೂ ಮಾಡುತ್ತಾರೆ, ಲಾರಿ ಇದ್ದರೆ ಸಾಕು. ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಗೊತ್ತಿರುವುದು ಮಾತ್ರ ಊರಿನವರಿಗೇ. ಆ ಗೊತ್ತು ಮಾಸದಂತೆ ನೋಡಿಕೊಳ್ಳಿ. ಒಂದು ನೋಟ್‌ಬುಕ್ ಮಾಡಿ. ಒಬ್ಬರೇ ಇರುವ ಮುದುಕರು ಯಾರು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರು ಯಾರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಯಾರು, ತುಂಬು ಗರ್ಭಿಣಿ ಯಾರು, ಹಾಸಿಗೆ ಬಿಟ್ಟು ಏಳಲಾಗದವರು ಯಾರು. ನಿಮ್ಮೂರಿನಲ್ಲಿ ಫಿಲೇಚರ್ ಕೆಲಸಕ್ಕೆ, ಅಂದರೆ ಗೂಡು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆಗೆ, ಹೋಗುವವರೂ ಇದ್ದಾರೆ. ಆ ಹಬೆ, ಆ ವಾಸನೆಯಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಉಬ್ಬಸ ಸಾಮಾನ್ಯ. ಉಸಿರಾಟದ ಕಾಯಿಲೆ ಯಾವುದೇ ಬರಲಿ, ಮೊದಲು ಕಷ್ಟಕ್ಕೆ ಸಿಕ್ಕುವವರು ಅವರು. ಅವರ ಹೆಸರೂ ಇರಲಿ. ಆಂಬುಲೆನ್ಸ್ ಬರದ ಓಣಿಗಳು ಯಾವುವು, ರಾತ್ರಿ ಹೊತ್ತು ಕರೆದರೆ ಬರುವ ಕಾರಿನವರು ಯಾರು ಎಂಬುದನ್ನೂ ಬರೆದಿಡಿ.

ಈ ಪಟ್ಟಿ ಪುಸ್ತಕದಲ್ಲೇ ಇರಲಿ. ವಾಟ್ಸಾಪ್‌ಗೆ ಹಾಕಬೇಡಿ. ಕೊರೊನಾ ಕಾಲದಲ್ಲಿ ರೋಗಿಗಳ ಹೆಸರು, ವಿಳಾಸ ಊರೆಲ್ಲ ಫಾರ್ವರ್ಡ್ ಆಗಿ ಏನಾಯಿತೆಂದು ಎಲ್ಲರೂ ನೋಡಿದ್ದೇವೆ. ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ನಲ್ಲಿ ಹತ್ತಿರ ಬರಬೇಡ ಎಂದರು. ಸೋಂಕಿತರ ಬಾಗಿಲಿಗೆ ಚೀಟಿ ಅಂಟಿಸುವ ಪದ್ಧತಿ ಬೇಡವೆಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಪಟ್ಟಿಯಲ್ಲಿ ಹೆಸರು ಬರೆಯುವ ಮುಂಚೆ ಆ ಮನೆಯವರನ್ನು ಕೇಳಿ. ಬೇಡ ಎಂದರೆ ಬಿಡಿ.

'ಆ ಕೇರಿಗೆ ಯಾಕೆ ಮೊದಲು ಕೊಟ್ಟಿರಿ' ಎಂದು ಜಗಳ ತೆಗೆದವರ ಬಗ್ಗೆ ಬರೆದಿದ್ದೀರಿ. 2020ರ ಏಪ್ರಿಲ್‌ನಲ್ಲಿ ಒಂದು ಧರ್ಮದವರ ಹತ್ತಿರ ತರಕಾರಿ ಕೊಳ್ಳಬೇಡಿ ಎಂಬ ಮೆಸೇಜುಗಳು ಹರಿದಾಡುತ್ತಿದ್ದಾಗ ನೀವು ಆ ಬೀದಿಗೂ ಹೋದಿರಿ. ಅದಕ್ಕೆ ಯಾರ ಮುಂದೆಯೂ ಸಮಜಾಯಿಷಿ ಕೊಡುವ ಅಗತ್ಯವಿಲ್ಲ. 1859ರಲ್ಲಿ ಇಟಲಿಯ ಸೋಲ್ಫೆರಿನೋ ಎಂಬಲ್ಲಿ ಘೋರ ಯುದ್ಧ ಆಯಿತು. ಗಾಯಾಳುಗಳನ್ನು ಪಕ್ಕದ ಕಾಸ್ತಿಲಿಯೋನೆ ಊರಿಗೆ ಸಾಗಿಸಿದರು. ಅಲ್ಲಿನ ಹೆಂಗಸರು ಯಾವ ಸೈನ್ಯದವನು ಎಂದು ನೋಡದೆ ಎಲ್ಲರಿಗೂ ನೀರು ಕೊಟ್ಟು, ಗಾಯ ಕಟ್ಟಿದರು. 'ಎಲ್ಲರೂ ಅಣ್ಣತಮ್ಮಂದಿರೇ' ಎಂದರಂತೆ. ಬೇರೆ ವ್ಯವಹಾರಕ್ಕೆ ಅಲ್ಲಿಗೆ ಬಂದಿದ್ದ ಹೆನ್ರಿ ಡ್ಯುನಾಂಟ್ ಅದನ್ನು ನೋಡಿದ. ರೆಡ್‌ಕ್ರಾಸ್ ಹುಟ್ಟಿದ್ದು ಅಲ್ಲಿಂದ. ಯಾರಿಗೆ ಕಷ್ಟ ಜಾಸ್ತಿಯೋ ಅವರಿಗೆ ಮೊದಲು ಎಂಬ ನಿಯಮವನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ನೀವು ಓದದೆಯೇ ಅದನ್ನು ಪಾಲಿಸಿದ್ದೀರಿ.

ಈಗ ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 'ಆಶಾ ಕಾರ್ಯಕರ್ತೆ ಮಾಡುವ ಸರ್ವೆಯನ್ನು ನಾವೇ ಫ್ರೀಯಾಗಿ ಮಾಡಿಕೊಡುತ್ತೇವೆ' ಎಂಬ ನಿಮ್ಮ ಯೋಚನೆ ನನಗೆ ಒಪ್ಪಿಗೆಯಿಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಶುರುವಾದಾಗ ಸಾವಿರ ಜನಕ್ಕೆ ಒಬ್ಬ ಆಶಾ ಎಂದು ಲೆಕ್ಕ ಹಾಕಿದರು. ಸ್ವಯಂಸೇವಕಿ ಎಂದು ಕರೆದು ಸಂಬಳ ಮಾತ್ರ ಇಟ್ಟಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಅಷ್ಟೇ. ಸೋಂಕು ಏರುತ್ತಿದ್ದ 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಖಾತ್ರಿ ಮಾಡಿ ಎಂದು ಕೇಳಿ ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿದ್ದು ನೆನಪಿರಬೇಕು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ತೋರಿಸಿದರೆ ಗ್ಯಾಸ್ ಸಿಲಿಂಡರ್ ಕೊಡುವುದಿಲ್ಲವಲ್ಲ. ನೀವು ಬಿಟ್ಟಿ ಮಾಡಿಕೊಟ್ಟಷ್ಟೂ ಅವರ ಬೇಡಿಕೆಗೆ ಬೆಲೆ ಕಡಿಮೆಯಾಗುತ್ತದೆ. ಅದರ ಬದಲು 'ಅಕ್ಕಾ, ಯಾವ ಮನೆಯಲ್ಲಿ ನಿಮ್ಮ ಮಾತು ಕೇಳ್ತಿಲ್ಲ, ನಾವು ಜೊತೆಗೆ ಬರ್ತೀವಿ' ಎನ್ನಿ. ಸಂಜೆ ದೂರದ ತೋಟದ ಮನೆಗೆ ಹೋಗಬೇಕಾದಾಗ ಬೈಕಿನಲ್ಲಿ ಕರೆದುಕೊಂಡು ಹೋಗಿ. ಅವರ ಕೆಲಸ ಅವರದೇ ಆಗಿರಲಿ.

ಮುಂದಿನ ಸಲ ಬರುವುದು ವೈರಸ್ಸೇ ಆಗಬೇಕೆಂದೇನೂ ಇಲ್ಲ. 2021ರ ನವೆಂಬರ್ ನೋಡಿ. ಎರಡನೇ ಅಲೆ ಇಳಿದು ಉಸಿರು ಬಿಡುವಷ್ಟರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಮಳೆ ಹಿಡಿಯಿತು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು, ಟೊಮೆಟೊ ಕೊಳೆಯಿತು, ವರ್ಷಗಟ್ಟಲೆ ಬತ್ತಿದ್ದ ಕೆರೆಗಳು ಕೋಡಿ ಹರಿದವು. ಬರದ ಜಿಲ್ಲೆ ನಮ್ಮದು ಎಂದುಕೊಂಡು ಕೋಡಿ ಎಲ್ಲಿದೆ, ರಾಜಕಾಲುವೆ ಯಾವ ಕಡೆ ಹೋಗುತ್ತದೆ ಎಂಬುದನ್ನೇ ಜನ ಮರೆತಿದ್ದರು. ಕಾಲುವೆ ಮೇಲೆ ಸೈಟು ಮಾಡಿದವರ ಕತೆ ಇಲ್ಲಿ ಬೇಡ, ಅದಕ್ಕೆ ಬೇರೆ ಸಂಚಿಕೆಯೇ ಬೇಕು. ನಿಮ್ಮೂರಲ್ಲಿ ಹಿಂದೆ ಕೆರೆ ನೀರು ಬಿಡುವ ಕೆಲಸ ನೋಡಿಕೊಳ್ಳುತ್ತಿದ್ದ ನೀರುಗಂಟಿ ಮನೆತನದವರು ಇದ್ದರೆ ಒಂದು ಭಾನುವಾರ ಅವರ ಜೊತೆ ಕೆರೆ ಏರಿ ಮೇಲೆ ನಡೆಯಿರಿ. ತೂಬು ಎಲ್ಲಿ, ಏರಿ ಎಲ್ಲಿ ಜಿನುಗುತ್ತದೆ, ಕೋಡಿ ನೀರು ಮೊದಲು ಯಾವ ಮನೆಗಳಿಗೆ ನುಗ್ಗುತ್ತದೆ, ಅವರೇ ತೋರಿಸುತ್ತಾರೆ. ಅದನ್ನೂ ಅದೇ ನೋಟ್‌ಬುಕ್‌ಗೆ ಸೇರಿಸಿ.

ಮಳೆ ನಿಂತ ಮೇಲೆ ಡೆಂಗಿ. ಮಳೆ ಇಲ್ಲದಿದ್ದರೂ ಡೆಂಗಿ. ನಮ್ಮಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನವೂ ಬರುವುದಿಲ್ಲ, ಹಾಗಾಗಿ ಡ್ರಮ್ಮು, ತೊಟ್ಟಿ ಇಲ್ಲದ ಮನೆಯಿಲ್ಲ. ಈ ಸೊಳ್ಳೆಗೆ ನಿಂತ ಶುದ್ಧ ನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಒಳಗೋಡೆ ಉಜ್ಜಿ ತೊಳೆದರೆ ಅದರ ಸರಪಳಿ ತುಂಡಾಗುತ್ತದೆ. ಉಜ್ಜುವುದು ಮುಖ್ಯ, ಯಾಕೆಂದರೆ ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಿತು. ನಿಮ್ಮ ಗುಂಪಿಗೆ ಶುಕ್ರವಾರ ಬೆಳಿಗ್ಗೆ ಅರ್ಧ ಗಂಟೆ ಕೆಲಸ ಇಲ್ಲೇ ಸಿಕ್ಕಿತು.

ತರಬೇತಿ ಕೇಳಿದ್ದೀರಿ. ಭಾರತೀಯ ರೆಡ್‌ಕ್ರಾಸ್ 1920ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ, ಪ್ರಥಮ ಚಿಕಿತ್ಸೆ ಕಲಿಸುತ್ತದೆ. ಕೇಂದ್ರದ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಆಪದ ಮಿತ್ರ' ಯೋಜನೆ ವಿಪತ್ತಿನಲ್ಲಿ ನೆರವಾಗಲು ಊರಿನ ಸ್ವಯಂಸೇವಕರಿಗೆ ತರಬೇತಿ ಕೊಡುವಂಥದ್ದು; 2016ರಲ್ಲಿ ಪ್ರವಾಹದ 30 ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ 350 ಜಿಲ್ಲೆಗಳಿಗೆ ವಿಸ್ತರಿಸಿತು. ಚಿಕ್ಕಬಳ್ಳಾಪುರಕ್ಕೆ ಹೋದಾಗ ಜಿಲ್ಲಾಧಿಕಾರಿ ಕಚೇರಿಯಲ್ಲಿ ಎರಡರ ಬಗ್ಗೆಯೂ ವಿಚಾರಿಸಿ. ಎದೆ ಒತ್ತಿ ಹೃದಯ ನಡೆಸುವುದು ಓದಿ ಬರುವ ವಿದ್ಯೆಯಲ್ಲ, ಗೊಂಬೆಯ ಮೇಲೆ ಒತ್ತಿಯೇ ಕಲಿಯಬೇಕು. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳ. ಮೊದಲ ಸಲ ಒತ್ತಿದವರು ಎರಡೇ ನಿಮಿಷಕ್ಕೆ ಬೆವೆತುಹೋಗುತ್ತಾರೆ.

ಟ್ರಸ್ಟ್ ಬೇಡ. ಇದು ನನ್ನ ಸ್ವಂತ ಅಭಿಪ್ರಾಯ, ನಿಮಗೆ ಬೇರೆ ಅನ್ನಿಸಿದರೆ ಮಾಡಿ. ರಿಜಿಸ್ಟರ್ ಆದ ಮರುದಿನ ಅಧ್ಯಕ್ಷ ಯಾರು ಎಂಬ ಪ್ರಶ್ನೆ ಏಳುತ್ತದೆ. ಅದರ ಹಿಂದೆಯೇ ಆಡಿಟ್, ಲೆಟರ್‌ಹೆಡ್, ಬ್ಯಾನರ್‌ನಲ್ಲಿ ಯಾರ ಫೋಟೊ ದೊಡ್ಡದು ಎಂಬ ರಗಳೆ. ದೊಡ್ಡ ದುಡ್ಡು ಕೈಗೆ ಬರುವ ಕಾಲ ಬಂದರೆ ಆಗ ನೋಡೋಣ. ಈಗ ನಿಮಗೆ ಬೇಕಿರುವುದು ತಿಂಗಳಿಗೊಮ್ಮೆ ಸೇರುವ ಐದಾರು ಜನ, ಒಂದು ನೋಟ್‌ಬುಕ್. 'ಫೋಟೊಗೋಸ್ಕರ' ಎಂದವರನ್ನು ಮೊದಲ ಸಭೆಗೇ ಕರೆಯಿರಿ. ಅವರಲ್ಲಿ ಇಬ್ಬರಾದರೂ ಬರುತ್ತಾರೆ, ನೋಡಿ.

ಆಕ್ಸಿಮೀಟರ್‌ಗಳ ಸೆಲ್ ಇನ್ನೂ ಒಳಗೇ ಇದ್ದರೆ ಇವತ್ತೇ ತೆಗೆಯಿರಿ, ಸೋರಿ ತುಕ್ಕು ಹಿಡಿದಿರುತ್ತವೆ. ಹೊಸ ಸೆಲ್ ಹಾಕಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ದು ಅಲ್ಲಿನ ಮೀಟರ್ ಜೊತೆ ಹೋಲಿಸಿ. ಬೆರಳಿಗೆ ನೈಲ್ ಪಾಲಿಶ್ ಇರಬಾರದು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು, ಅಲ್ಲಾಡದೆ ಒಂದು ನಿಮಿಷ ಕಾಯಬೇಕು. ಅಂಕಿ ಸರಿಯಾಗಿ ತೋರಿಸುವ ಮೀಟರನ್ನು ಆಶಾ ಅಕ್ಕನ ಚೀಲಕ್ಕೆ ಹಾಕಿಬಿಡಿ. ಉಬ್ಬಸದವರಿಗೆ ಈಗಲೂ ಉಪಯೋಗ. ಉಳಿದ ಚಂದಾ ದುಡ್ಡಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ, ಕೊಟ್ಟವರನ್ನು ಒಂದು ಮಾತು ಕೇಳಿ, ಓಆರ್‌ಎಸ್ ಪಾಕೆಟ್ ಮತ್ತು ಒಂದು ಒಳ್ಳೆ ಟಾರ್ಚ್ ಕೊಳ್ಳಿ. ಪಾಕೆಟ್ ಮುಗಿದ ದಿನ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಗೋಪುರವಾಗಿರಬಾರದು, ಮಟ್ಟವಾಗಿರಬೇಕು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ.

— ಸಂಪಾದಕ