ಕಲಿಮಾ ಓದಿಸಿದರೆ ಮುಗಿಯಿತೇ? ಒಂದು ಅಂತರ್ಧರ್ಮೀಯ ಮದುವೆಯ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಯಸ್ಸು ಮತ್ತಿತರ ವಿವರ ಬದಲಿಸಿದೆ.)

ಸಹನಾಗೆ 26 ವರ್ಷ, ಹಿಂದೂ. ಇಮ್ರಾನ್‌ಗೆ 29, ಹನಫಿ ಪಂಥದ ಸುನ್ನಿ ಮುಸ್ಲಿಂ. ಇಬ್ಬರೂ ಉತ್ತರ ಕರ್ನಾಟಕದವರು, ಇಬ್ಬರಿಗೂ ದುಡಿಮೆ ಇದೆ. ಮದುವೆಯಾಗುವುದರಲ್ಲಿ ಅನುಮಾನವಿರಲಿಲ್ಲ, ಹೇಗೆ ಎಂಬುದರಲ್ಲೇ ತಕರಾರು. ಇಮ್ರಾನ್ ತಾಯಿಯ ಸಲಹೆ ಹೀಗಿತ್ತು: “ಒಂದ್ಸಲ ಕಲಿಮಾ ಓದ್ಲಿ, ನಿಕಾಹ್ ಆಗ್ಲಿ. ಆಮೇಲೆ ಮನೇಲಿ ದೀಪ ಹಚ್ಚಿದ್ರೆ ಯಾರು ಕೇಳ್ತಾರೆ?” (ಕಲಿಮಾ ಎಂದರೆ ಇಸ್ಲಾಂ ವಿಶ್ವಾಸದ ಘೋಷಣೆ, ನಿಕಾಹ್ ಎಂದರೆ ಇಸ್ಲಾಮಿ ವಿಧಿಯ ಮದುವೆ.) ಸಹನಾಳ ತಂದೆ, ತಾಳಿ ಇಲ್ಲದ ಮದುವೆ ಮದುವೆಯೇ ಅಲ್ಲ ಎಂದು ಪಟ್ಟು ಹಿಡಿದಿದ್ದರು. ಹುಡುಗನ ಚಿಕ್ಕಪ್ಪನ ವಾದ ಬೇರೆ: ನಮ್ಮ ಹಿರಿಯರೂ ಇಲ್ಲಿನ ಹೆಣ್ಣನ್ನೇ ತಂದವರು, ಇದು ನಮ್ಮ ರಿವಾಜು, ಮೌಲ್ವಿಯನ್ನು ಕೇಳುವುದೇನಿದೆ?

ಶರೀಅತ್ (ಇಸ್ಲಾಮಿ ಧರ್ಮನಿಯಮ), ಊರಿನ ರಿವಾಜು, ದೇಶದ ಕಾನೂನು ಮೂರನ್ನೂ ಒಂದೇ ಗಂಟಿಗೆ ಕಟ್ಟಿದ್ದೇ ಇಲ್ಲಿನ ತೊಡಕು. ಬಗ್ಗುವ ಕಡೆ ಎರಡೂ ಮನೆಯವರು ಹಟ ಮಾಡುತ್ತಿದ್ದರು, ಬಗ್ಗದ ಕಡೆ ‘ಹೇಗೋ ಆಗುತ್ತೆ’ ಎನ್ನುತ್ತಿದ್ದರು.

ಶರೀಅತ್ತಿನ ಮಾತು ಸ್ಪಷ್ಟ. ಕುರ್‌ಆನಿನ 2:221 ಬಹುದೇವಾರಾಧಕರೊಂದಿಗೆ, ಅವರು ವಿಶ್ವಾಸ ಸ್ವೀಕರಿಸುವವರೆಗೆ, ಮದುವೆಯನ್ನು ನಿಷೇಧಿಸುತ್ತದೆ. 5:5 ಮುಸ್ಲಿಂ ಪುರುಷನಿಗೆ ಅಹ್ಲೆ ಕಿತಾಬ್, ಅಂದರೆ ಯಹೂದಿ ಅಥವಾ ಕ್ರೈಸ್ತ, ಸ್ತ್ರೀಯನ್ನು ಮತಾಂತರವಿಲ್ಲದೆ ವರಿಸಲು ಅನುಮತಿ ಕೊಡುತ್ತದೆ. ಮುಸ್ಲಿಂ ಸ್ತ್ರೀಗೆ ಇಂಥ ಅನುಮತಿ ಇಲ್ಲವೆಂಬುದು ಎಲ್ಲ ಪಂಥಗಳ ಸಾಂಪ್ರದಾಯಿಕ ನಿಲುವು. ಸಹನಾ ಕ್ರೈಸ್ತಳಾಗಿದ್ದರೆ ಕಲಿಮಾದ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಿಂದೂವಾಗಿರುವುದರಿಂದ ಸಾಂಪ್ರದಾಯಿಕ ಫಿಕ್ಹ್ (ಇಸ್ಲಾಮಿ ನ್ಯಾಯಶಾಸ್ತ್ರ) ಒಪ್ಪುವುದಿಲ್ಲ. ಒಪ್ಪದಿದ್ದರೂ ನಿಕಾಹ್ ಮಾಡಿಬಿಟ್ಟರೆ? ಭಾರತದ ನ್ಯಾಯಾಲಯಗಳು ಅದನ್ನು ‘ಫಾಸಿದ್’, ಅಂದರೆ ಕ್ರಮಬದ್ಧವಲ್ಲದ ಮದುವೆ, ಎಂದು ಕಾಣುತ್ತವೆ. 2019ರಲ್ಲಿ ಮೊಹಮ್ಮದ್ ಸಲೀಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಮಕ್ಕಳು ನ್ಯಾಯಸಮ್ಮತ, ತಂದೆಯ ಆಸ್ತಿಗೆ ವಾರಸುದಾರರು, ಹೆಂಡತಿಗೆ ಮಹರ್ (ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದ ಹಣ ಅಥವಾ ಆಸ್ತಿ) ಸಿಗುತ್ತದೆ, ಗಂಡನ ಆಸ್ತಿಯಲ್ಲಿ ಪಾಲು ಸಿಗುವುದಿಲ್ಲ.

ಚಿಕ್ಕಪ್ಪನ ರಿವಾಜಿನ ವಾದ ಇಲ್ಲಿ ನಿಲ್ಲುವುದಿಲ್ಲ. ಇಸ್ಲಾಮಿ ನ್ಯಾಯಶಾಸ್ತ್ರ ಸ್ಥಳೀಯ ರೂಢಿಗೆ ನಿಜಕ್ಕೂ ಬೆಲೆ ಕೊಡುತ್ತದೆ. ‘ಅಲ್-ಆದತು ಮುಹಕ್ಕಮಾ’, ರೂಢಿಯೇ ತೀರ್ಪುಗಾರ, ಎಂಬುದು ಅದರ ಮೂಲಸೂತ್ರಗಳಲ್ಲೊಂದು. ಮಹರ್ ಎಷ್ಟೆಂದು ನಿಗದಿಯಾಗಿರದಿದ್ದರೆ ಆ ಹೆಣ್ಣಿನ ತಂದೆಯ ಕಡೆಯ ಹೆಂಗಸರಿಗೆ ಸಿಕ್ಕ ಮಹರ್ ನೋಡಿ ತೀರ್ಮಾನಿಸುತ್ತಾರೆ. ಆದರೆ ಸ್ಪಷ್ಟ ನಿಷೇಧವಿರುವಲ್ಲಿ ರೂಢಿ ನಡೆಯದು. 1937ರ ಶರೀಅತ್ ಅನ್ವಯ ಕಾಯಿದೆಯೂ ಮದುವೆ, ತಲಾಖ್, ಮಹರ್ ಮುಂತಾದವುಗಳಲ್ಲಿ ರೂಢಿಯನ್ನು ಬದಿಗಿಟ್ಟು ಶರೀಅತ್ತನ್ನೇ ಅನ್ವಯಿಸಿತು.

ಸಹನಾಳನ್ನು ಒಬ್ಬಳನ್ನೇ ಕೂರಿಸಿ ಆಪ್ತಸಲಹೆಗಾರರಾದ ನಾವು ಕೇಳಿದ್ದು ಒಂದೇ ಪ್ರಶ್ನೆ: “ಇಮ್ರಾನ್ ನಿನ್ನ ಬಾಳಿನಲ್ಲಿ ಇಲ್ಲದಿದ್ದರೂ ಈ ಧರ್ಮಕ್ಕೆ ಬರುತ್ತಿದ್ದೆಯೇನಮ್ಮಾ?” ಇಲ್ಲ ಎಂದಳು. ಅಲ್ಲಿಗೆ ಮತಾಂತರದ ದಾರಿ ಮುಚ್ಚಿತು. ನಂಬಿಕೆಯಿಲ್ಲದ ಕಲಿಮಾ ಇಸ್ಲಾಮಿಗೂ ಅಗೌರವ, ಅವಳಿಗೂ ಅನ್ಯಾಯ. ನಷ್ಟವೂ ಕಡಿಮೆಯಲ್ಲ: ಹಿಂದೂ ಉತ್ತರಾಧಿಕಾರ ಕಾಯಿದೆಯ 26ನೇ ಕಲಮಿನಂತೆ, ಮತಾಂತರದ ನಂತರ ಹುಟ್ಟಿ ಹಿಂದೂಗಳಾಗಿರದ ಮಕ್ಕಳಿಗೆ ಅಜ್ಜ-ಅಜ್ಜಿಯಂಥ ಹಿಂದೂ ಬಂಧುಗಳ ವಾರಸು ತಪ್ಪುತ್ತದೆ. ನಿಕಾಹ್‌ನಾಮೆಯಲ್ಲಿ ಒಂದು ಹೆಸರು, ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಇನ್ನೊಂದು ಹೆಸರಾದರೆ ಪಾಸ್‌ಪೋರ್ಟಿನಿಂದ ಹಿಡಿದು ಬ್ಯಾಂಕಿನವರೆಗೆ ಅಲೆದಾಟ.

ಇಮ್ರಾನ್‌ಗೆ ನಾವು ಫತ್ವಾ ಹೇಳಲಿಲ್ಲ, ಅದು ನಮ್ಮ ಕೆಲಸವೂ ಅಲ್ಲ. ತಾನು ನಂಬುವ ಆಲಿಮ್ (ಧಾರ್ಮಿಕ ವಿದ್ವಾಂಸ) ಒಬ್ಬರನ್ನು ಕಂಡು, ಮುಚ್ಚುಮರೆ ಇಲ್ಲದೆ ಕೇಳಿ ಬರಲು ಹೇಳಿದೆವು. ಮತಾಂತರವಿಲ್ಲದ ಈ ಮದುವೆ ಜಾಯಿಜ್ (ಧರ್ಮಸಮ್ಮತ) ಅಲ್ಲ ಎಂಬ ಉತ್ತರ ಬಂತು. ಅದನ್ನು ಅವನೇ ಕಿವಿಯಾರೆ ಕೇಳಿ, ಗೊತ್ತಿದ್ದೇ ನಿರ್ಧರಿಸಬೇಕಿತ್ತು. ಇಲ್ಲದಿದ್ದರೆ ಹತ್ತು ವರ್ಷದ ನಂತರ ಆ ಅಪರಾಧಿಭಾವವನ್ನು ಹೆಂಡತಿಯ ಮೇಲೆ ಹೊರಿಸುವ ಅಪಾಯವಿರುತ್ತದೆ. ಎರಡು ವಾರ ಯೋಚಿಸಿ ಬಂದವನು, ಸಹನಾ ಸಹನಾ ಆಗಿಯೇ ಇರಲಿ ಎಂದ.

ಉಳಿದದ್ದು 1954ರ ವಿಶೇಷ ವಿವಾಹ ಕಾಯಿದೆ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದು ಕಚೇರಿಯ ಫಲಕಕ್ಕೆ ಬೀಳುತ್ತದೆ. ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಯ ಅಧಿಕಾರಿಗೂ ಪ್ರತಿ ಹೋಗುತ್ತದೆ. ಊರಿಗೆ ಸುದ್ದಿ ಮುಟ್ಟುವುದು ಹೀಗೆ, ಆದ್ದರಿಂದ ಮನೆಯವರಿಗೆ ಮೊದಲು ನೀವೇ ಹೇಳಿ ಎಂದೆವು. ಆಕ್ಷೇಪಣೆಗೆ 30 ದಿನ ಕಾಲಾವಕಾಶ. ವಯಸ್ಸು, ಜೀವಂತ ಸಂಗಾತಿ, ಮಾನಸಿಕ ಸಾಮರ್ಥ್ಯ, ನಿಷಿದ್ಧ ಸಂಬಂಧ ಇವಿಷ್ಟೇ ಆಕ್ಷೇಪಣೆಗೆ ಆಧಾರ. ‘ನಮಗೆ ಇಷ್ಟವಿಲ್ಲ’ ಎಂಬುದಲ್ಲ. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ನೋಟಿಸ್ ಕೊಟ್ಟು ಮೂರು ತಿಂಗಳು ದಾಟಿದರೆ ಮತ್ತೆ ಮೊದಲಿನಿಂದ. ಮುಹೂರ್ತ, ರಜೆ ಎಂದು ಮುಂದೂಡುತ್ತಾ ಹೋದವರು ಎಡವುವುದು ಇಲ್ಲೇ.

ತಾಳಿಯ ಜಗಳ ಅಂದುಕೊಂಡದ್ದಕ್ಕಿಂತ ಸುಲಭವಾಗಿ ಬಗೆಹರಿಯಿತು. ದಖನಿ ಮುಸ್ಲಿಂ ಮನೆಗಳಲ್ಲೂ ಮದುಮಗಳಿಗೆ ಕರಿಮಣಿಯ ಲಚ್ಛಾ ಹಾಕುವ ವಾಡಿಕೆ ಇದೆ. ಇಮ್ರಾನ್ ತಾಯಿಯ ಕೊರಳಲ್ಲೂ ಅದಿತ್ತು: ಚಿನ್ನದ ತಂತಿಯಲ್ಲಿ ಪೋಣಿಸಿದ ಎರಡೆಳೆ ಕರಿಮಣಿ, ನಡುವೆ ಪುಟ್ಟ ಪದಕ. ಅದನ್ನು ಸಹನಾಳ ತಾಯಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ದೇವರ ಚಿತ್ರವಿಲ್ಲದ ಪದಕದ ಕರಿಮಣಿ ಸರಕ್ಕೆ ಇಬ್ಬರೂ ಒಪ್ಪಿದರು. ಅರಿಶಿನ, ಮೆಹಂದಿಗೂ ಅಡ್ಡಿ ಬರಲಿಲ್ಲ.

ಚಿಕ್ಕಪ್ಪ ಕೇಳಿದ ‘ಜೋಡೆ ಕಿ ರಕಂ’, ಅಂದರೆ ಹೆಣ್ಣಿನ ಮನೆಯವರು ಗಂಡಿಗೆ ಕೊಡುವ ಹಣ, ಮಾತ್ರ ಬೇಡವೇ ಬೇಡ ಎಂದೆವು. ಶರೀಅತ್ ಗಂಡಿನಿಂದ ಹೆಣ್ಣಿಗೆ ಕೊಡಿಸುವುದು ಮಹರ್. ಇದು ಅದಕ್ಕೆ ತದ್ವಿರುದ್ಧ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಕಣ್ಣಿನಲ್ಲಿ ಶುದ್ಧ ವರದಕ್ಷಿಣೆ. ವಿಶೇಷ ವಿವಾಹದಲ್ಲಿ ಮಹರ್ ಕಡ್ಡಾಯವಲ್ಲದ ಕಾರಣ ಇಮ್ರಾನ್ ಮಹರ್ ಆಗಿ ಕೊಡುತ್ತಿದ್ದಷ್ಟು ಹಣವನ್ನು ಸಹನಾಳ ಹೆಸರಿನಲ್ಲಿ ಬ್ಯಾಂಕ್ ಠೇವಣಿ ಇಟ್ಟ.

ಮಕ್ಕಳ ಹೆಸರು, ಖತ್ನಾ (ಸುನ್ನತಿ), ಸತ್ತರೆ ದಫನವೋ ದಹನವೋ ಇವನ್ನು ಮದುವೆಗೆ ಮುಂಚೆ ಮಾತಾಡಿ ಬರೆದಿಡಿ ಎಂದೆವು. ಹಿಂದೂವಾಗಿಯೇ ಉಳಿದ ಸೊಸೆಗೆ ಜಮಾತಿನ ಖಬರಸ್ಥಾನದಲ್ಲಿ ಜಾಗ ಸಿಗುತ್ತದೆಂದು ನಂಬಿಕೊಂಡು ಕೂರುವಂತಿಲ್ಲ.

ಕೊನೆಯ ಭೇಟಿ ಉಯಿಲಿನ ಬಗ್ಗೆ. ಈ ಮದುವೆಯಿಂದ ಇಮ್ರಾನ್‌ನ ಸ್ವಂತ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯವಾಗುತ್ತದೆ: ಹೆಂಡತಿಗೆ ಮೂರರಲ್ಲೊಂದು, ಉಳಿದದ್ದು ಗಂಡು-ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ. ಮುಸ್ಲಿಂ ವಾರಸಿನಲ್ಲಿ ಮಕ್ಕಳಿದ್ದರೂ ತಾಯಿಗೆ ಆರರಲ್ಲೊಂದು ಪಾಲಿದೆ, ಇಲ್ಲಿ ಮಕ್ಕಳಿದ್ದರೆ ತಾಯಿಗೆ ಏನೂ ಇಲ್ಲ. ಅಮ್ಮನ ಆರನೆಯ ಒಂದು ಪಾಲನ್ನು ಉಯಿಲಿನಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ನೋಂದಾಯಿಸಲು ಇಮ್ರಾನ್‌ಗೆ ಹೇಳಿದೆವು.