ಡ್ರೈಯರ್ ತಿರುಗುತ್ತದೆ, ಬಿಸಿಯಾಗುವುದಿಲ್ಲ: ಹೀಟರ್ ಬದಲಿಸಬೇಕೇ, ಹೊಸದನ್ನೇ ಕೊಳ್ಳಬೇಕೇ?

ಸದ್ಯಕ್ಕೆ ಎರಡೂ ಬೇಡ. ಡ್ರಮ್ ತಿರುಗುತ್ತಿದೆ, ಬಟ್ಟೆ ತಣ್ಣಗೇ ಹೊರಬರುತ್ತಿದೆ, ನೋಡಲು ಬಂದ ಮೆಕ್ಯಾನಿಕ್ ಹೀಟರ್ ಹೋಗಿದೆ ಎಂದಿದ್ದಾರೆ ಎಂದು ಬರೆದು, ಕೊನೆಯಲ್ಲಿ ‘ಇದಕ್ಕೂ ಮೊದಲು ಕೆಲವು ವಾರಗಳಿಂದ ಬಟ್ಟೆ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು’ ಎಂಬ ಮಾತನ್ನೂ ಸೇರಿಸಿದ್ದೀರಿ. ನಿಮ್ಮ ಇಡೀ ಪ್ರಶ್ನೆಯಲ್ಲಿ ನನಗೆ ಮುಖ್ಯವೆನಿಸಿದ್ದು ಆ ಕೊನೆಯ ಮಾತೇ. ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಯಲ್ಲಿಯೂ ಎಲ್ಲವೂ ಇದೇ ಕ್ರಮದಲ್ಲಿ ನಡೆಯಿತು, ಮತ್ತು ಕೆಡದೇ ಇದ್ದ ಹೀಟರಿಗೆ ನಾವು ಸಾವಿರಾರು ರೂಪಾಯಿ ತೆತ್ತೆವು.

ಕೊಟ್ಟಿಗೆಹಾರದ ಕಡೆಯ ಮಳೆಯನ್ನು ಚಿಕ್ಕಮಗಳೂರಿನಲ್ಲಿರುವ ನಿಮಗೆ ವಿವರಿಸಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬುವ ಹಾಗಿಲ್ಲ. ಜಗಲಿಯಲ್ಲಿ ಹಗ್ಗ ಕಟ್ಟಿ ಹರವಿದ ಬಟ್ಟೆ ಒಣಗುವ ಮೊದಲೇ ಮುಗ್ಗಲು ವಾಸನೆ ಹಿಡಿಯುತ್ತದೆ. ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿದರೆ ಒಣಗುತ್ತದಾದರೂ ಮಕ್ಕಳ ಯೂನಿಫಾರ್ಮ್ ಹೊಗೆ ನಾರುತ್ತದೆ. ಮನೆಗೆ ಕೂಸು ಬಂದ ಮೇಲೆ ಈ ಪಾಡು ಸಾಕಾಗಿ, ಗೋಡೆಗೆ ತೂತು ಕೊರೆಸಿ ತೇವದ ಗಾಳಿಯನ್ನು ಪೈಪಿನ ಮೂಲಕ ಹೊರಗೆ ಬಿಡುವ ಮಾದರಿಯ ಡ್ರೈಯರ್ ತಂದೆವು. 2000 ವ್ಯಾಟ್ ಹೀಟರ್, 16 ಆಂಪಿಯರ್ ಸಾಕೆಟ್, 4 ಅಂಗುಲದ ಪೈಪು. ನಿಮ್ಮದೂ ಹೆಚ್ಚುಕಡಿಮೆ ಇಂಥದ್ದೇ ಎಂದು ನಿಮ್ಮ ವಿವರಣೆಯಿಂದ ತಿಳಿಯುತ್ತದೆ.

ಪೈಪಿನ ಹೊರಬಾಯಿಗೆ ನಾನು ಸೊಳ್ಳೆ ಜಾಲರಿ ಕಟ್ಟಿದೆ. ಮಾಡಿದ ತಪ್ಪು ಇದೊಂದೇ. ಉಳಿದದ್ದೆಲ್ಲ ಇದರಿಂದ ಹುಟ್ಟಿದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಆ ತೂತು ತೋಟದ ಕಡೆಗೆ ತೆರೆದುಕೊಂಡಿತ್ತು. ಹಲ್ಲಿ ನುಗ್ಗೀತು, ಕಣಜ ಗೂಡು ಕಟ್ಟೀತು ಎಂಬ ಹೆದರಿಕೆಯಿಂದ ಕಿಟಕಿಗೆ ಹೊಡೆಸಿ ಉಳಿದಿದ್ದ ಜಾಲರಿಯ ತುಂಡನ್ನು ಎರಡು ಪದರ ಮಾಡಿ ತಂತಿಯಿಂದ ಬಿಗಿದೆ. ಒಳಗೆ ಫಿಲ್ಟರ್ ಇದೆಯಲ್ಲ, ಬಟ್ಟೆಯಿಂದ ಉದುರುವ ಜುಂಗೆಲ್ಲ ಅಲ್ಲಿಯೇ ನಿಲ್ಲುತ್ತದೆ, ಹೊರಗೆ ಬರುವುದು ಬರೀ ಗಾಳಿ ಎಂಬುದು ನನ್ನ ಲೆಕ್ಕವಾಗಿತ್ತು. ಆದರೆ ಫಿಲ್ಟರ್ ಹಿಡಿಯುವುದು ದಪ್ಪ ಜುಂಗನ್ನು ಮಾತ್ರ. ಹತ್ತಿ ಬಟ್ಟೆಯಿಂದ ಉದುರುವ ನಯವಾದ ಎಳೆಗಳು ಫಿಲ್ಟರನ್ನು ದಾಟಿ ಗಾಳಿಯ ಜೊತೆಗೇ ಹೊರಗೆ ಹೋಗುತ್ತವೆ, ಹೋಗಬೇಕು ಕೂಡ. ಜಾಲರಿ ಅವುಗಳನ್ನು ತಡೆಯಿತು. ಬೇಸಿಗೆಯಾಗಿದ್ದರೆ ಒಣ ಜುಂಗು ಒಂದಿಷ್ಟು ಉದುರಿಯಾದರೂ ಹೋಗುತ್ತಿತ್ತೇನೋ. ಮಳೆಗಾಲದಲ್ಲಿ ಒಳಗಿನಿಂದ ಬರುವ ಬಿಸಿ ಆವಿ ಹೊರಗಿನ ತಣ್ಣನೆಯ ಜಾಲರಿಗೆ ತಾಗಿದ ಕೂಡಲೇ ನೀರಾಗುತ್ತದೆ, ಆ ನೀರಿಗೆ ಎಳೆಗಳು ಅಂಟಿಕೊಳ್ಳುತ್ತವೆ, ಅಂಟಿದ ಎಳೆಗಳ ಮೇಲೆ ಇನ್ನಷ್ಟು ಎಳೆಗಳು ಕೂರುತ್ತವೆ. ಕೊನೆಗೆ ನಾನು ತಂತಿ ಬಿಚ್ಚಿದಾಗ ಕೈಗೆ ಬಂದದ್ದು ಬೆರಳು ದಪ್ಪದ, ಬೂದು ಬಣ್ಣದ, ಹಿಂಡಿದರೆ ನೀರಿಳಿಯುವ ಒಂದು ಬಿಲ್ಲೆ. ಅದರ ನಡುವೆ ಅತ್ತೆಯವರ ಕೆಂಪು ರವಿಕೆಯ ನೂಲು, ಕೂಸಿನ ಟೋಪಿಯ ಹಳದಿ ಉಣ್ಣೆಯ ಎಳೆಗಳು ಬೇರೆಬೇರೆಯಾಗಿ ಕಾಣುತ್ತಿದ್ದವು.

ಇಷ್ಟರಿಂದ ಯಂತ್ರವೇಕೆ ಕೆಡಬೇಕು ಎಂದು ಕೇಳಬಹುದು. ಡ್ರೈಯರ್ ಎಂದರೆ ಬಿಸಿ ಮಾಡುವ ಯಂತ್ರವೆಂದು ನಾವು ತಿಳಿದಿರುತ್ತೇವೆ, ಆದರೆ ಅದು ಮೊದಲಿಗೆ ಗಾಳಿ ಸಾಗಿಸುವ ಯಂತ್ರ. 20 ಡಿಗ್ರಿಯ ನಮ್ಮ ಮಳೆಗಾಲದ ಗಾಳಿ ಎಷ್ಟೇ ತೇವದಿಂದ ಕೂಡಿದ್ದರೂ ಒಂದು ಘನ ಮೀಟರಿನಲ್ಲಿ ಸುಮಾರು 17 ಗ್ರಾಂಗಿಂತ ಹೆಚ್ಚು ಆವಿ ಹಿಡಿಯಲಾರದು; ಅದೇ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಸುಮಾರು 130 ಗ್ರಾಂವರೆಗೆ ಹಿಡಿಯಬಲ್ಲದು. ಆದ್ದರಿಂದಲೇ ಹೊರಗೆ ಜಡಿಮಳೆ ಹೊಯ್ಯುತ್ತಿರುವಾಗಲೂ ಡ್ರೈಯರಿನಲ್ಲಿ ಬಟ್ಟೆ ಒಣಗುತ್ತದೆ. ಆದರೆ 5 ಕಿಲೋ ಬಟ್ಟೆಯಲ್ಲಿ, ವಾಷಿಂಗ್ ಮೆಷಿನ್ ಚೆನ್ನಾಗಿ ಹಿಂಡಿದ ಮೇಲೂ, ಎರಡೂವರೆ ಮೂರು ಲೀಟರ್ ನೀರು ಉಳಿದಿರುತ್ತದೆ, ಮತ್ತು ಅದಷ್ಟೂ ಆವಿಯಾಗಿ ಆ 4 ಅಂಗುಲದ ತೂತಿನಿಂದಲೇ ಹೊರಬೀಳಬೇಕು. ಏಲಕ್ಕಿ ಒಣಗಿಸುವ ಗೂಡನ್ನು ನೋಡಿದ್ದರೆ ನಿಮಗಿದು ಹೊಸದಲ್ಲ: ಕಿಂಡಿ ತೆರೆದು ತೇವವನ್ನು ಹೊರಗೆ ಬಿಡದೆ ಒಲೆಗೆ ಸೌದೆ ತುರುಕುತ್ತಾ ಹೋದರೆ ಕಾಯಿ ಬೇಯುತ್ತದೆ, ಒಣಗುವುದಿಲ್ಲ.

ಗಾಳಿಯ ಓಟ ಕುಂದಿದಾಗ ಹೀಟರಿನ ಶಾಖ ಪೂರ್ತಿಯಾಗಿ ಡ್ರಮ್ಮಿಗೆ ಹೋಗದೆ ಹೀಟರಿನ ಡಬ್ಬಿಯಲ್ಲಿಯೇ ಉಳಿಯುತ್ತದೆ. ಅಲ್ಲಿರುವ ಥರ್ಮೋಸ್ಟಾಟ್ ಕಾವು ಏರಿದಾಗ ಹೀಟರನ್ನು ಆರಿಸುತ್ತದೆ, ತಣಿದಾಗ ಮತ್ತೆ ಹೊತ್ತಿಸುತ್ತದೆ. ಹೀಗೆ ಆರಿ ಹೊತ್ತುತ್ತಾ ಒಂದು ಗಂಟೆಯ ಕೆಲಸ ಎರಡು ಗಂಟೆಗೆ ಎಳೆಯುತ್ತದೆ, ಬಟ್ಟೆ ಮುಟ್ಟಿದರೆ ಸುಡುವಷ್ಟು ಬಿಸಿಯಿದ್ದರೂ ಒಳಗೆ ಒದ್ದೆಯಾಗಿಯೇ ಇರುತ್ತದೆ. ನೀವು ಬರೆದ ಆ ‘ಕೆಲವು ವಾರಗಳು’ ಇವೇ. ಇಷ್ಟಕ್ಕೂ ಯಾರೂ ಗಮನ ಕೊಡದಿದ್ದರೆ ಕೊನೆಗೆ ಥರ್ಮಲ್ ಫ್ಯೂಸ್, ಅಂದರೆ ಕಾವು ಮಿತಿಮೀರಿದರೆ ಕರೆಂಟನ್ನು ಕಡಿದುಬಿಡುವ ಸಣ್ಣ ಭಾಗ, ಹೋಗುತ್ತದೆ. ಅದು ಥರ್ಮೋಸ್ಟಾಟಿನ ಹಾಗಲ್ಲ, ಒಮ್ಮೆ ಹೋದರೆ ಹೋಯಿತು, ತಣಿದ ಮೇಲೆ ಮತ್ತೆ ಕೂಡಿಕೊಳ್ಳುವುದಿಲ್ಲ. ಮೋಟಾರಿಗೆ ಬೇರೆ ದಾರಿಯಿಂದ ಕರೆಂಟು ಹೋಗುವ ಯಂತ್ರಗಳಲ್ಲಿ ಡ್ರಮ್ ತಿರುಗುತ್ತಲೇ ಇರುತ್ತದೆ, ಬಿಸಿ ಮಾತ್ರ ಇರುವುದಿಲ್ಲ. ಕೆಲವು ಮಾದರಿಗಳಲ್ಲಿ ಯಂತ್ರ ಪೂರ್ತಿಯಾಗಿಯೇ ನಿಲ್ಲುತ್ತದೆ.

ನಮ್ಮಲ್ಲಿಯೂ ಬಿಸಿ ನಿಂತಾಗ ಮೆಕ್ಯಾನಿಕ್ ಬಂದು ಹೀಟರ್ ಸುಟ್ಟಿದೆ ಎಂದರು, ಬದಲಿಸಿದರು, ಡ್ರೈಯರ್ ಬಿಸಿಯಾಯಿತು. ಅವರ ಮಾತು ನಿಜವೆಂದು ನಾವು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ತಿಳಿದದ್ದೇನೆಂದರೆ, ಹೊಸ ಹೀಟರ್ ಡಬ್ಬಿಯ ಸಮೇತ ಬಂದಿತ್ತು ಮತ್ತು ಆ ಡಬ್ಬಿಯ ಪಕ್ಕದಲ್ಲಿಯೇ ಒಂದು ಹೊಸ ಥರ್ಮಲ್ ಫ್ಯೂಸ್ ಕೂಡ ಕೂತಿತ್ತು. ಯಂತ್ರವನ್ನು ಬದುಕಿಸಿದ್ದು ಆ ಸಣ್ಣ ಫ್ಯೂಸು, ದುಡ್ಡು ಹೋದದ್ದು ಹೀಟರಿಗೆ. ಜಾಲರಿ ಇದ್ದಲ್ಲಿಯೇ ಇತ್ತಾದ್ದರಿಂದ ಅದೇ ಮಳೆಗಾಲದಲ್ಲಿ ಹೊಸ ಫ್ಯೂಸೂ ಹೋಯಿತು. ಈ ಸಲ ಅವರು ಫ್ಯೂಸಿನ ಎರಡೂ ವೈರುಗಳನ್ನು ನೇರವಾಗಿ ಜೋಡಿಸಿ ಟೇಪು ಸುತ್ತಿಬಿಡೋಣ, ಇನ್ನು ತೊಂದರೆಯೇ ಬರುವುದಿಲ್ಲ ಎಂದರು. ನಾನು ಒಪ್ಪಲಿಲ್ಲ. ನಿಮಗೂ ಯಾರಾದರೂ ಹೀಗೆ ಹೇಳಿದರೆ ಟೀ ಕೊಟ್ಟು ಕಳುಹಿಸಿಬಿಡಿ. ಒಣ ಜುಂಗಿಗೆ ಬೆಂಕಿ ತಗಲುವುದಕ್ಕೆ ಹೆಚ್ಚು ಹೊತ್ತು ಬೇಡ, ಅದನ್ನು ತಡೆಯಲು ಯಂತ್ರದಲ್ಲಿರುವ ಕೊನೆಯ ಕಾವಲು ಆ ಫ್ಯೂಸು.

ಕಾರಣವನ್ನು ಹಿಡಿದವರು ನಮ್ಮ ಅತ್ತೆ. ಹಿತ್ತಲಿಗೆ ಹೋಗಿ ಬಂದವರು, ‘ಅಲ್ಲಿ ಗೋಡೆ ಹತ್ರ ಹಬೆ ಬರ್ತಿತ್ತಲ್ಲೇ, ಈಗೀಗ ಕಾಣ್ಸೋದೇ ಇಲ್ವಲ್ಲ’ ಎಂದರು. ಮಳೆಗಾಲದ ತಂಪಿನಲ್ಲಿ ಡ್ರೈಯರಿನ ಗಾಳಿ ಬೆಳ್ಳಗೆ ಹಬೆಯಾಗಿ ಕಾಣಬೇಕು. ಯಂತ್ರ ಬಿಸಿಯಾಗಿದ್ದ ದಿನಗಳಲ್ಲಿಯೂ ಅದು ಕಾಣುತ್ತಿರಲಿಲ್ಲ ಎಂಬುದನ್ನು ನಾವ್ಯಾರೂ ಗಮನಿಸಿರಲಿಲ್ಲ.

ಆದ್ದರಿಂದ ನೀವು ಮೊದಲು ಹೋಗಬೇಕಾದದ್ದು ಮನೆಯ ಹಿಂಭಾಗಕ್ಕೆ. ಡ್ರೈಯರ್ ಓಡಿಸಿ, ಪೈಪಿನ ಹೊರಬಾಯಿಗೆ ಅಂಗೈ ಹಿಡಿಯಿರಿ. ಬಿಸಿಯಿಲ್ಲದಿದ್ದರೂ ಗಾಳಿ ಅಂಗೈಯನ್ನು ತಳ್ಳುವಷ್ಟು ಬರಬೇಕು. ಬರದಿದ್ದರೆ ಪ್ಲಗ್ ಕಿತ್ತು ಪೈಪನ್ನು ಎರಡೂ ತುದಿಗಳಲ್ಲಿ ಬಿಚ್ಚಿ ನೋಡಿ. ಸುರುಳಿ ಸುರುಳಿಯಾದ ಪ್ಲಾಸ್ಟಿಕ್ ಪೈಪನ್ನು ಹಾಕಿದ್ದರೆ ಎಸೆದು, ಒಳಮೈ ನುಣುಪಾಗಿರುವ ಲೋಹದ ಪೈಪು ಹಾಕಿಸಿ. ಅದು ಸಾಧ್ಯವಾದಷ್ಟು ಗಿಡ್ಡವಾಗಿ, ನೇರವಾಗಿ, ಒಳಗೆ ಸೇರುವ ನೀರು ತಾನಾಗಿ ಇಳಿದು ಹೋಗುವಂತೆ ಹೊರಗಡೆಗೆ ತುಸು ವಾಲಿರಲಿ. ಹಲ್ಲಿಯ ಹೆದರಿಕೆಯಿದ್ದರೆ, ಗಾಳಿ ಬಂದಾಗ ತೆರೆದುಕೊಂಡು, ಗಾಳಿ ನಿಂತಾಗ ಮುಚ್ಚಿಕೊಳ್ಳುವ ರೆಕ್ಕೆಯ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿಸಿ. ಜಾಲರಿ ಮಾತ್ರ ಬೇಡವೇ ಬೇಡ. ಪೈಪನ್ನು ಹೊರಗೆ ಬಿಡದೆ ಕೋಣೆಯೊಳಗೇ ಬಿಟ್ಟಿದ್ದರೆ ಅದೂ ಇಷ್ಟೇ ಕೆಟ್ಟದ್ದು, ಬಟ್ಟೆಯಿಂದ ಹೊರಟ ಆವಿಯನ್ನೇ ಯಂತ್ರ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಒಳಗಿನ ಫಿಲ್ಟರನ್ನು ಕಣ್ಣಿಂದ ನೋಡಿ ಚೊಕ್ಕಟವಾಗಿದೆ ಎಂದುಕೊಳ್ಳಬೇಡಿ. ನಲ್ಲಿಯ ಕೆಳಗೆ ಹಿಡಿಯಿರಿ, ನೀರು ಸೋರದೆ ಬಲೆಯ ಮೇಲೆಯೇ ನಿಂತರೆ ಬಟ್ಟೆ ಮೃದುವಾಗಲೆಂದು ಹಾಕುವ ಲಿಕ್ವಿಡ್ಡಿನ ಜಿಡ್ಡು ಕೂತಿದೆ ಎಂದರ್ಥ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪು ಹಚ್ಚಿ ತೊಳೆದು ಒಣಗಿಸಿ ಹಾಕಿ.

ಗಾಳಿಯ ದಾರಿ ಬಿಡಿಸಿದ ಮೇಲೆ ಮಲ್ಟಿಮೀಟರ್ (ಕರೆಂಟಿನ ದಾರಿ ಕಡಿದಿದೆಯೇ ಎಂದು ಅಳೆದು ತೋರಿಸುವ ಸಣ್ಣ ಉಪಕರಣ) ಹಿಡಿಯಬಹುದು. ಪ್ಲಗ್ ಕಿತ್ತು, ಯಂತ್ರ ಪೂರ್ತಿ ತಣಿದ ಮೇಲೆ ಹಿಂಬದಿಯ ತಗಡು ಬಿಚ್ಚಿ, ಥರ್ಮಲ್ ಫ್ಯೂಸಿನ ಒಂದು ವೈರನ್ನಾದರೂ ಕಳಚಿ ಮಲ್ಟಿಮೀಟರ್ ಇಡಿ: ಚೆನ್ನಾಗಿದ್ದರೆ ಹತ್ತಿರ ಹತ್ತಿರ ಸೊನ್ನೆ ಓಮ್ ತೋರಿಸುತ್ತದೆ, ಹೋಗಿದ್ದರೆ OL ಅಥವಾ ಬರೀ 1 ಎಂದು ತೋರಿಸುತ್ತದೆ, ಅಂದರೆ ದಾರಿ ಕಡಿದಿದೆ. 2000 ವ್ಯಾಟಿನ ಹೀಟರ್ 230 ವೋಲ್ಟಿಗೆ ಸುಮಾರು 26 ಓಮ್ ತೋರಿಸಬೇಕು. ನಮ್ಮಲ್ಲಿ ‘ಸುಟ್ಟುಹೋದ’ ಹಳೆಯ ಹೀಟರ್ ಅಟ್ಟದ ಮೇಲಿತ್ತು, ತಂದು ಮೀಟರ್ ಇಟ್ಟಾಗ ಅಷ್ಟೇ ತೋರಿಸಿತು. ತಗಡು ಬಿಚ್ಚುವ ಧೈರ್ಯವಿಲ್ಲದಿದ್ದರೆ, ಅಥವಾ ಯಂತ್ರ ಹಾಕಿದ ಕೂಡಲೇ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಆರುವ ಸ್ವಿಚ್ಚು) ಬೀಳುತ್ತಿದ್ದರೆ, ಈ ಭಾಗವನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡಿ, ನಾಚಿಕೆಪಡುವಂಥದ್ದೇನಿಲ್ಲ.

ನಮ್ಮ ಕಡೆಯವರು ಮರೆಯುವ ಇನ್ನೊಂದು ಸಂಗತಿ ವೋಲ್ಟೇಜ್. ಲೈನಿನ ಮೇಲೆ ಕೊಂಬೆ ಒರಗಿ, ಜಾಯಿಂಟು ಸಡಿಲವಾಗಿ ಮನೆಗೆ 180 ವೋಲ್ಟ್ ಬರುತ್ತಿದ್ದರೆ ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ 2000 ವ್ಯಾಟಿನದು 1200ರ ಆಸುಪಾಸಿಗೆ ಬರುತ್ತದೆ. ಆಗ ಬಟ್ಟೆ ಉಗುರುಬೆಚ್ಚಗೆ ಬರುತ್ತದೆ, ನಿಮ್ಮದರಂತೆ ತಣ್ಣಗಲ್ಲ. ಆದ್ದರಿಂದ ನಿಮ್ಮ ತೊಂದರೆ ಇದಲ್ಲ ಎಂದೇ ನನಗನ್ನಿಸುತ್ತದೆ. ಆದರೂ ಪ್ಲಗ್ಗಿನ ಕಡ್ಡಿಗಳು ಕಪ್ಪಾಗಿವೆಯೇ ಎಂದು ಒಮ್ಮೆ ನೋಡಿಬಿಡಿ.

ಹೊಸದನ್ನು ಕೊಳ್ಳುವ ವಿಚಾರಕ್ಕೆ ಬಂದರೆ, ಪೈಪೇ ಬೇಡದ ಹೀಟ್ ಪಂಪ್ ಡ್ರೈಯರುಗಳು ಕರೆಂಟು ಕಡಿಮೆ ತಿನ್ನುತ್ತವೆ ಎಂಬುದು ನಿಜ, ನೀರನ್ನು ಡಬ್ಬಿಯಲ್ಲಿ ಹಿಡಿದಿಡುತ್ತವೆ ಎಂಬುದೂ ನಿಜ. ಆದರೆ ಬೆಲೆ ಜಾಸ್ತಿ, ಒಳಗೆ ಕಂಪ್ರೆಸರ್ ಇರುವುದರಿಂದ ಕೆಟ್ಟರೆ ರಿಪೇರಿಗೆ ದೂರದಿಂದ ಜನ ಬರಬೇಕು, ಮತ್ತು ಅವುಗಳಲ್ಲಿಯೂ ಜುಂಗು ಕೂರುವ ಜಾಗಗಳು ಒಂದೆರಡಲ್ಲ. ಫಿಲ್ಟರ್ ತೊಳೆಯದ ಮನೆಯಲ್ಲಿ ಅದೂ ಬಾಳುವುದಿಲ್ಲ. ಕೆಲವು ನೂರು ರೂಪಾಯಿಯ ಫ್ಯೂಸಿನಲ್ಲಿ ಮುಗಿಯಬಹುದಾದ ಕೆಲಸಕ್ಕೆ ಹೊಸ ಯಂತ್ರದ ಮಾತೇ ಬೇಡ.

ಫ್ಯೂಸು ತರುವಾಗ ಹಳೆಯದರ ಮೇಲೆ ಅಚ್ಚಾಗಿರುವ ಡಿಗ್ರಿ ಮತ್ತು ಆಂಪಿಯರನ್ನೂ, ಯಂತ್ರದ ಮಾದರಿ ಸಂಖ್ಯೆಯನ್ನೂ ಫೋಟೊ ತೆಗೆದುಕೊಂಡು ಹೋಗಿ. ಅಂಗಡಿಯವರು ‘ಇದೂ ಆಗುತ್ತೆ’ ಎಂದು ಹೆಚ್ಚು ಡಿಗ್ರಿಯದನ್ನು ಕೊಟ್ಟರೆ ತರಬೇಡಿ. ಇಷ್ಟೆಲ್ಲ ಆದ ಮೇಲೂ ಮೆಕ್ಯಾನಿಕ್ ಹೀಟರನ್ನೇ ಬದಲಿಸಬೇಕೆಂದರೆ, ಹಳೆಯದಕ್ಕೆ ನಿಮ್ಮ ಎದುರಿಗೇ ಮೀಟರ್ ಇಟ್ಟು ತೋರಿಸಲು ಹೇಳಿ, ಆಮೇಲೆ ದುಡ್ಡು ಕೊಡಿ.