ಕಿನ್ರಾಸ್‌ಗೆ ಒಬ್ಬನೇ ಏಕೆ?

ಓದುಗರ ಪತ್ರ: ‘ಹಳೆಯ ಸ್ಕಾಟ್ಲೆಂಡ್ ಸಂಸತ್ತಿಗೆ ಬೇರೆ ಸೀಮೆಗಳಿಂದ (ಶೈರ್) ಇಬ್ಬಿಬ್ಬರು ಪ್ರತಿನಿಧಿಗಳು ಹೋಗುತ್ತಿದ್ದರು, ಕಿನ್ರಾಸ್‌ನಿಂದ ಮಾತ್ರ ಒಬ್ಬ ಎಂದು ಬರೆದಿದ್ದೀರಿ. ಅಲ್ಲಿನ ರೈತರು ಈ ಅನ್ಯಾಯವನ್ನು ಹೇಗೆ ಸಹಿಸಿದರು?’

ಸಂಪಾದಕರ ಉತ್ತರ: ರೈತರನ್ನು ಯಾರೂ ಕೇಳಿರಲಿಲ್ಲ. ಮೊದಲು ಅದನ್ನೇ ತಿಳಿಯೋಣ.

ನೇರವಾಗಿ ರಾಜನಿಂದ ಭೂಮಿ ಪಡೆದವರಿಗೆಲ್ಲ ಸಂಸತ್ತಿಗೆ ಹಾಜರಾಗುವ ಬಾಧ್ಯತೆ ಇತ್ತು. ಸಣ್ಣ ಹಿಡುವಳಿಯವರಿಗೆ ಅದು ಹಕ್ಕಾಗಿರಲಿಲ್ಲ, ಕೈಯಿಂದ ಖರ್ಚಾಗುವ ಹೊರೆಯಾಗಿತ್ತು. 1428ರಲ್ಲಿ ಒಂದನೇ ಜೇಮ್ಸ್ ಅವರಿಗೆ ವಿನಾಯಿತಿ ಕೊಟ್ಟು, ಬದಲಿಗೆ ಸೀಮೆಗೆ ಇಬ್ಬರು ಅಥವಾ ಹೆಚ್ಚು ‘ವಿವೇಕಿ’ಗಳನ್ನು ಆರಿಸಿ ಕಳಿಸಿ, ಅವರ ಖರ್ಚನ್ನು ನೀವೇ ಭರಿಸಿ ಎಂದ. ಕಿನ್ರಾಸ್ ಮತ್ತು ಕ್ಲ್ಯಾಕ್‌ಮನ್ನನ್ ತೀರಾ ಚಿಕ್ಕವು, ಅವಕ್ಕೆ ಒಬ್ಬೊಬ್ಬರು ಸಾಕು ಎಂದಾಯಿತು. ಕಾಯ್ದೆ ಕಾಗದದಲ್ಲೇ ಉಳಿಯಿತು. ಅದಕ್ಕೆ ಜೀವ ಬಂದದ್ದು 1587ರಲ್ಲಿ, ಆರನೇ ಜೇಮ್ಸ್‌ನ ಕಾಲಕ್ಕೆ.

ಆಯ್ಕೆ ನಡೆಯುತ್ತಿದ್ದುದು ಸೆಪ್ಟೆಂಬರ್ ಕೊನೆಯ ಮೈಕಲ್‌ಮಸ್ ಹಬ್ಬದ ನಂತರ ಸೇರುವ, ಸೀಮೆಯ ರಾಜಾಧಿಕಾರಿಯಾದ ಶೆರಿಫ್‌ನ ನ್ಯಾಯಾಲಯದ ಕೂಟದಲ್ಲಿ. ರಾಜನಿಂದಲೇ ಪಡೆದ, ಹಳೆಯ ಅಂದಾಜಿನಲ್ಲಿ 40 ಶಿಲಿಂಗ್ ಬೆಲೆಯ ಜಮೀನಿದ್ದು, ಆ ಸೀಮೆಯಲ್ಲೇ ವಾಸವಿರುವವನಿಗೆ ಮಾತ್ರ ಮತ. ಆಯ್ಕೆಯಾದವನ ನೇಮಕಪತ್ರಕ್ಕೆ ಕನಿಷ್ಠ ಆರು ಮಂದಿಯ ಸಹಿ ಬೇಕು. ದೊಡ್ಡ ಒಡೆಯನಿಂದ ಭೂಮಿ ಪಡೆದವನ ಬಳಿ ನೂರಾರು ಎಕರೆ ಇದ್ದರೂ ಅವನು ಹೊರಗೇ. ಗೇಣಿದಾರನ ಮಾತಂತೂ ಇಲ್ಲ. ‘ಹಳೆಯ ಅಂದಾಜು’ ಎಂಬುದು ಮಧ್ಯಯುಗದ ಲೆಕ್ಕ. ದಾಖಲೆ ತೋರಿಸಿ ಅದನ್ನು ಸಾಬೀತು ಮಾಡುವುದು ತಲೆನೋವಾಗಿತ್ತು. 1681ರ ಕಾಯ್ದೆ, ತೆರಿಗೆಗಾಗಿ ಕಟ್ಟಿದ ವಾರ್ಷಿಕ ಮೌಲ್ಯ 400 ಸ್ಕಾಟ್ ಪೌಂಡ್ ಇದ್ದರೂ ಸಾಕು ಎಂದಿತು. ಆಗಲೂ ಭೂಮಿ ರಾಜನಿಂದಲೇ ಬಂದಿರಬೇಕು.

ಖರ್ಚು? 1661ರಿಂದ ಪ್ರತಿನಿಧಿಗೆ ದಿನಕ್ಕೆ 5 ಸ್ಕಾಟ್ ಪೌಂಡ್. ಕೇಳಲು ದೊಡ್ಡ ಮೊತ್ತ, ಆದರೆ 12 ಸ್ಕಾಟ್ ಪೌಂಡಿಗೆ ಒಂದು ಇಂಗ್ಲಿಷ್ ಪೌಂಡ್. ಅಂದರೆ ಇಂಗ್ಲಿಷ್ ಹಣದಲ್ಲಿ 8 ಶಿಲಿಂಗ್ 4 ಪೆನ್ನಿ.

ಇನ್ನು ನೀವು ಹೇಳಿದ ಅನ್ಯಾಯ. 1640ರ ತನಕ ಮತ ಎಣಿಸುತ್ತಿದ್ದುದು ತಲೆಗೆ ಅಲ್ಲ, ಸೀಮೆಗೆ ಒಂದರಂತೆ. ಪರ್ತ್‌ಶೈರ್‌ನ ಇಬ್ಬರದ್ದೂ ಸೇರಿ ಒಂದೇ ಮತ, ಕಿನ್ರಾಸ್‌ನ ಒಬ್ಬನದ್ದೂ ಒಂದೇ. ಹಾಗೆ ನೋಡಿದರೆ ಲಾಭ ಕಿನ್ರಾಸ್‌ಗೇ. ಒಬ್ಬನ ಖರ್ಚಿನಲ್ಲಿ ದೊಡ್ಡವರ ಸಮಕ್ಕೆ ನಿಲ್ಲುತ್ತಿತ್ತು! 1640ರಲ್ಲಿ ಪ್ರತಿಯೊಬ್ಬನಿಗೂ ಬೇರೆ ಮತ ಬಂದಾಗ ಅದರ ತೂಕ ಅರ್ಧಕ್ಕಿಳಿಯಿತು. 1690ರಲ್ಲಿ ದೊಡ್ಡ ಸೀಮೆಗಳಿಗೆ 26 ಹೆಚ್ಚುವರಿ ಸ್ಥಾನ ಸಿಕ್ಕಾಗ ಇನ್ನಷ್ಟು ಕುಗ್ಗಿತು. ನಡುವೆ 1681ರಲ್ಲಿ ಇಲ್ಲಿಂದ ಹೋಗಿದ್ದವನು ಕಿನ್ರಾಸ್ ಹೌಸ್ ಕಟ್ಟಿಸಿದ ವಾಸ್ತುಶಿಲ್ಪಿ ಸರ್ ವಿಲಿಯಂ ಬ್ರೂಸ್. ಜಮೀನ್ದಾರನೇ ಪ್ರತಿನಿಧಿ, ಇದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ.

1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನೊಂದಿಗೆ ವಿಲೀನವಾದ ನಂತರ ಲಂಡನ್ನಿನ ಸಂಸತ್ತಾದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸ್ಕಾಟ್ಲೆಂಡಿಗೆ ಸಿಕ್ಕಿದ್ದು 45 ಸ್ಥಾನ. ಅದರಲ್ಲಿ ಸೀಮೆಗಳಿಗೆ 30, ಇದ್ದ ಸೀಮೆಗಳೋ 33. ಹಾಗಾಗಿ ಆರು ಸೀಮೆಗಳನ್ನು ಜೋಡಿ ಮಾಡಿದರು. ಒಂದು ಸಂಸತ್ತಿಗೆ ಕಿನ್ರಾಸ್‌ನವನು ಹೋದರೆ ಮುಂದಿನದಕ್ಕೆ ಕ್ಲ್ಯಾಕ್‌ಮನ್ನನ್‌ನವನು. ಈ ಪಾಳಿ 1832ರವರೆಗೆ ನಡೆಯಿತು.